ಗಾಜಿನ ಈಚೆ ನಿಂತ ಅಪ್ಪ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಏಳೂವರೆ ತಿಂಗಳಿಗೇ ಮಗು ಹುಟ್ಟಿತ್ತು. ತೂಕ ಒಂದೂವರೆ ಕಿಲೋ. ತಾಯಿ ಒಂದು ಮಹಡಿಯಲ್ಲಿ, ಕೂಸು ಇನ್ನೊಂದರಲ್ಲಿ. ಇವನಿಗೆ ಸಂಜೆ ಐದು ನಿಮಿಷ ಗಾಜಿನ ಈಚೆ ನಿಂತು ನೋಡಲು ಅವಕಾಶ, ಅಷ್ಟೇ. "ನಾನು ಏನೂ ಮಾಡೋ ಹಾಗಿಲ್ವಾ ಸಾರ್?" ಎಂದ.

ಮಾಡುವುದಿದೆ. ಅದಕ್ಕೆ ಮೊದಲು ಅವನಿಗೆ ಎಂಟನೇ ತರಗತಿಯಲ್ಲಿ ಹೇಳಿದ ಪಾಠವನ್ನೇ ಮತ್ತೆ ಹೇಳಬೇಕಾಯಿತು. ಲೋಟದ ಕಾಫಿ ಬೇಗ ಆರುತ್ತದೆ, ಪಾತ್ರೆ ತುಂಬ ಇದ್ದದ್ದು ನಿಧಾನವಾಗಿ. ವಸ್ತು ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಶಾಖ ಸೋರುವುದು ಆ ಮೇಲ್ಮೈಯಿಂದಲೇ. ಅರವತ್ತು ಕಿಲೋ ತೂಗುವ ನಿಮಗಿಂತ ಒಂದೂವರೆ ಕಿಲೋ ಕೂಸಿಗೆ ಕಿಲೋ ಒಂದಕ್ಕೆ ಸುಮಾರು ಮೂರು ಪಟ್ಟು ಮೇಲ್ಮೈ. ಚರ್ಮ ತೆಳು, ಕೊಬ್ಬು ಕಡಿಮೆ, ನಮ್ಮಂತೆ ನಡುಗಿ ಶಾಖ ಹುಟ್ಟಿಸಿಕೊಳ್ಳಲೂ ಬಾರದು. ಅದಕ್ಕೇ ಇನ್‌ಕ್ಯುಬೇಟರ್ ಎಂಬ ಬೆಚ್ಚನೆಯ ಪೆಟ್ಟಿಗೆ.

1978ರಲ್ಲಿ ಕೊಲಂಬಿಯಾ ದೇಶದ ರಾಜಧಾನಿ ಬೊಗೊಟಾದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಈ ಪೆಟ್ಟಿಗೆಗಳು ಸಾಲದೇ ಹೋದವು. ಒಂದೇ ಪೆಟ್ಟಿಗೆಯಲ್ಲಿ ಹಲವು ಕೂಸುಗಳು, ಒಂದರ ಸೋಂಕು ಇನ್ನೊಂದಕ್ಕೆ. ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಕೂಸನ್ನು ತಾಯಿಯ ಎದೆಗೇ ಕಟ್ಟಿಸಿದರು. ಚರ್ಮಕ್ಕೆ ಚರ್ಮ ತಾಗಿ ಬೆಚ್ಚಗಾಯಿತು, ಹಾಲೂ ಅಲ್ಲೇ ಸಿಕ್ಕಿತು. ಕಾಂಗರೂ ಮರಿಯನ್ನು ಚೀಲದಲ್ಲಿಟ್ಟುಕೊಳ್ಳುವಂತೆ ಕಂಡದ್ದರಿಂದ 'ಕಾಂಗರೂ ಆರೈಕೆ' ಎಂದು ಹೆಸರಾಯಿತು.

ಆದರೂ ಬಹುಕಾಲ ಇದನ್ನು ಬಡವರ ಉಪಾಯವೆಂದೇ ಕಂಡವರಿದ್ದರು. ಮೊದಲು ಯಂತ್ರ, ಕೂಸು ಚೇತರಿಸಿಕೊಂಡ ಮೇಲೆ ತಾಯಿ ಎಂಬುದೇ ರೂಢಿ. 2021ರಲ್ಲಿ ಪ್ರಕಟವಾದ ಅಧ್ಯಯನ ಆ ರೂಢಿಯನ್ನೇ ಪರೀಕ್ಷಿಸಿತು. ನಾಲ್ಕು ಆಫ್ರಿಕನ್ ದೇಶಗಳ ಆಸ್ಪತ್ರೆಗಳ ಜೊತೆ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಅದರಲ್ಲಿತ್ತು. ಒಂದು ಕಿಲೋದಿಂದ 1.8 ಕಿಲೋ ಒಳಗಿನ 3,211 ಕೂಸುಗಳು. ಚೇತರಿಸಿಕೊಳ್ಳುವವರೆಗೆ ಕಾದ ಗುಂಪಿನಲ್ಲಿ 28 ದಿನಗಳೊಳಗೆ ಶೇಕಡಾ 15.7 ಕೂಸುಗಳು ತೀರಿಕೊಂಡವು. ಹುಟ್ಟಿದ ಕೆಲಹೊತ್ತಿಗೇ ಎದೆಗೆ ಕೊಟ್ಟ ಗುಂಪಿನಲ್ಲಿ ಶೇಕಡಾ 12. ಕಾಯುವ ಗುಂಪನ್ನು ಇನ್ನು ಕಾಯಿಸುವುದು ಸರಿಯಲ್ಲವೆಂದು ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು.

ಅಲ್ಲಿ ಯಂತ್ರಗಳನ್ನೇನೂ ಹೊರಗಿಡಲಿಲ್ಲ. ನವಜಾತ ಶಿಶುಗಳ ತೀವ್ರನಿಗಾ ಘಟಕದೊಳಗೇ ತಾಯಂದಿರಿಗೆ ಮಂಚ ಹಾಕಿದರು. ನನ್ನ ಮಟ್ಟಿಗೆ ದೊಡ್ಡ ಸಂಗತಿ ಇದೇ: ಮಂಚಕ್ಕೆ ಜಾಗ ಮಾಡುವುದು ಔಷಧಿ ಕಂಡುಹಿಡಿಯುವುದಕ್ಕಿಂತ ಕಷ್ಟವೇ? ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ದಿನಕ್ಕೆ ಎಂಟರಿಂದ ಇಪ್ಪತ್ತನಾಲ್ಕು ಗಂಟೆ ಈ ಆರೈಕೆ ಇರಲಿ, ಆಸ್ಪತ್ರೆಯ ಆರೈಕೆಯಲ್ಲಿ ಮನೆಯವರೂ ಕೈಜೋಡಿಸಲಿ ಎಂದು ಹೇಳಿದೆ.

"ತಾಯಿಗೆ ಸಿಸೇರಿಯನ್ ಆಗಿದೆ, ಕೂರಲಾರಳು" ಎಂದ. ನೀನಿದ್ದೀಯಲ್ಲ ಎಂದೆ. "ನನ್ನ ಎದೆ ತುಂಬ ಕೂದಲು ಸಾರ್!" ಕೂಸಿಗೆ ಬೇಕಾದದ್ದು ಶಾಖ ಕಣಯ್ಯಾ.

ಮರುದಿನ ಡಾಕ್ಟರನ್ನೇ ನೇರ ಕೇಳಿದನಂತೆ. ಅವರು ಎರಡು ದಿನ ಯೋಚಿಸಿ ಒಪ್ಪಿದರು. ಸ್ನಾನ ಮಾಡಿ, ಮುಂದೆ ಗುಂಡಿಯಿರುವ ಅಂಗಿ ತೊಟ್ಟು ಬರಲು ನರ್ಸಮ್ಮ ಹೇಳಿದರು. ಕೂಸಿಗೆ ಟೋಪಿ, ಕಾಲುಚೀಲ ಹಾಕಿ, ಉಸಿರಿಗೆ ಅಡ್ಡಿಯಾಗದಂತೆ ತಲೆಯನ್ನು ಒಂದು ಬದಿಗೆ ತಿರುಗಿಸಿ, ನೇರವಾಗಿ ಎದೆಗಿಟ್ಟು ಬಟ್ಟೆ ಕಟ್ಟಿದರು. ಮೊದಲ ದಿನ ಒಂದೂವರೆ ಗಂಟೆ ಕೂತನಂತೆ. ಕಾಲು ಜೋಮು ಹಿಡಿದರೂ ಅಲ್ಲಾಡಲಿಲ್ಲವಂತೆ.