ಆ ತಾಯಿ ಊಟ ಮಾಡಲಿ

ಮದುವೆ ಹಾಲ್‌ನಲ್ಲಿ ನೀವು ಆಕೆಯನ್ನು ಖಂಡಿತ ನೋಡಿರುತ್ತೀರಿ. ಮೈಕ್‌ನ ಸದ್ದಿಗೆ ಮಗು ಎರಡೂ ಕಿವಿ ಮುಚ್ಚಿಕೊಂಡು ಕಿರುಚುತ್ತದೆ. ಬಿರಿಯಾನಿ ಬರುವಷ್ಟರಲ್ಲಿ ಆಕೆ ಮಗುವನ್ನೆತ್ತಿಕೊಂಡು ಹೊರನಡೆದಿರುತ್ತಾಳೆ. "ಇದ್ದ ಒಂದು ಮಗುವನ್ನು ನೋಡಿಕೊಳ್ಳಲು ಬರುವುದಿಲ್ಲ" ಎಂದು ಹಿಂದಿನಿಂದ ಯಾರೋ ಹೇಳುತ್ತಾರೆ. ಆ ಯಾರೋ ನಮ್ಮಲ್ಲೇ ಒಬ್ಬರು ಸಹೋದರಿಯರೇ.

ನಾನೂ ಹೊರತಲ್ಲ. ಮದ್ರಸದ ಎರಡನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಐದು ನಿಮಿಷವೂ ಕುಳಿತಲ್ಲಿ ಕೂರುತ್ತಿರಲಿಲ್ಲ. ಎಷ್ಟೋ ದಿನ ಅವನನ್ನು ಬಾಗಿಲ ಬಳಿ ನಿಲ್ಲಿಸಿದ್ದೇನೆ. ಅವನ ಉಮ್ಮನನ್ನು ಕರೆಸಿ, ಮುದ್ದು ಹೆಚ್ಚಾಗಿದೆ ಎಂದು ಬುದ್ಧಿ ಹೇಳಿದ್ದೇನೆ. ಆಕೆ ತಲೆ ತಗ್ಗಿಸಿ ಕೇಳಿ ಹೋದರು. ಒಂದು ದಿನ ನಾನು ಇತರರಿಗೆ ಕಲಿಸುತ್ತಿದ್ದ ಸೂರ ಅದ್ದುಹಾವನ್ನು ಅವನು ಬಾಗಿಲ ಬಳಿ ನಿಂತೇ ಒಂದಕ್ಷರ ತಪ್ಪದೆ ಓದಿದ! ಅಂದಿನಿಂದ ಅವನನ್ನು ನನ್ನ ಪಕ್ಕದಲ್ಲಿ ಕೂರಿಸಿದೆ, ಕಿತಾಬು ಹಂಚುವ ಕೆಲಸ ಕೊಟ್ಟೆ. ಆ ಉಮ್ಮನ ಬಳಿ ಕ್ಷಮೆ ಕೇಳಲು ಮಾತ್ರ ನನಗೆ ಎರಡು ವರ್ಷ ಹಿಡಿಯಿತು.

ಚುರುಕಾದ ಮಕ್ಕಳಿಗೆಲ್ಲ ಎಡಿಎಚ್‌ಡಿ ಇರುವುದಿಲ್ಲ. ಚಂಚಲತೆ ಮನೆಯಲ್ಲೂ ಶಾಲೆಯಲ್ಲೂ ಇದೆಯೇ, ಹನ್ನೆರಡು ವರ್ಷಕ್ಕೆ ಮೊದಲೇ ಕಂಡಿದೆಯೇ, ಕಲಿಕೆಗೆ ಅಡ್ಡಿಯಾಗಿದೆಯೇ ಎಂದು ವೈದ್ಯರು ನೋಡುತ್ತಾರೆ. ಆಟಿಸಂನ ಸುಳಿವು ಇನ್ನೂ ಬೇಗ ಸಿಗಬಹುದು. ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿರುವುದು, ಒಂದೂವರೆ ವರ್ಷಕ್ಕೂ ಬೆರಳು ತೋರಿಸದಿರುವುದು, ಎರಡು ವರ್ಷಕ್ಕೂ ಎರಡು ಪದ ಜೋಡಿಸದಿರುವುದು, ಕಲಿತ ಮಾತು ಮರೆಯಾಗುವುದು. ಇವು ಕಂಡರೆ ಆಟಿಸಂ ಎಂದೇ ಅರ್ಥವಲ್ಲ, ವೈದ್ಯರಿಗೆ ತೋರಿಸಬೇಕು ಎಂದರ್ಥ. ಕಿವಿಯ ಪರೀಕ್ಷೆಯೂ ಆಗಲಿ. "ಇವನ ಅಪ್ಪ ಮಾತನಾಡಿದ್ದೂ ಮೂರು ವರ್ಷಕ್ಕೆ" ಎಂಬ ಅಜ್ಜಿಯ ಸಮಾಧಾನದ ಮಾತು ಪ್ರೀತಿಯದೇ. ಆದರೆ ಕಳೆದುಹೋಗುವುದು ಮಗುವಿನ ಅಮೂಲ್ಯ ವರ್ಷಗಳು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆ ಅಂಗನವಾಡಿ, ಸರಕಾರಿ ಶಾಲೆಗಳ ಮೂಲಕ ನಡೆಯುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಕೂಡ ಇವೆ. ವೈದ್ಯರು ಇನ್ನೂ ಹೆಸರು ಹೇಳದಿದ್ದರೂ ಮಾತಿನ ತರಬೇತಿ ಶುರು ಮಾಡಬಹುದು.

ಹೆಸರು ಸಿಗುವವರೆಗಿನ ಈ ಕಾಲವೇ ತಾಯಿಗೆ ಅತ್ಯಂತ ಕಠಿಣ. ಒಬ್ಬರು ಕಣ್ಣುದೃಷ್ಟಿ ಎನ್ನುತ್ತಾರೆ, ಇನ್ನೊಬ್ಬರು ಜಿನ್ನ್ ಎನ್ನುತ್ತಾರೆ. ಓದಿ ಊದುವುದನ್ನು ನಾನು ಬೇಡವೆನ್ನುವುದಿಲ್ಲ, ನಾನೂ ಊದುತ್ತೇನೆ. ಆದರೆ ಚಿಕಿತ್ಸೆ ಪಡೆಯಿರಿ ಎಂದವರೂ ಪ್ರವಾದಿವರ್ಯರೇ(ಸ) ಅಲ್ಲವೇ? ಜಿನ್ನ್ ಬಿಡಿಸುತ್ತೇವೆಂದು ಮಗುವಿಗೆ ಹೊಡೆಯುವವರ ಮನೆಯ ಮೆಟ್ಟಿಲು ಹತ್ತಬೇಡಿ. ಕೆಲವರು ಚುಚ್ಚುಮದ್ದನ್ನು ದೂರುತ್ತಾರೆ. ಅಂಥ ಸಂಶಯ ಹಬ್ಬಿಸಿದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ತಾಯಿ ಪ್ರೀತಿ ತೋರದ್ದರಿಂದ ಆಟಿಸಂ ಬರುತ್ತದೆ ಎಂದು ಹಿಂದೆ ಪಾಶ್ಚಾತ್ಯ ವೈದ್ಯರಲ್ಲೂ ಕೆಲವರು ನಂಬಿದ್ದರು. ಅದೂ ಸುಳ್ಳೆಂದು ತಿಳಿಯಿತು. ನಮ್ಮ ಅಡುಗೆಮನೆಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ.

ಗಂಡ ಗಲ್ಫ್‌ನಲ್ಲಿ. ಫೋನ್ ಮಾಡಿದಾಗೆಲ್ಲ "ಮಗ ಮಾತನಾಡಿದನಾ?" ಎಂದು ಕೇಳುತ್ತಾರೆ. "ನೀನು ನಿದ್ದೆ ಮಾಡಿದೆಯಾ?" ಎಂದೂ ಒಮ್ಮೆ ಕೇಳಬಾರದೇ? ಆಸ್ಪತ್ರೆಗೆ ಹೋಗುವ ದಿನ ನಾದಿನಿ ಇನ್ನೊಂದು ಮಗುವನ್ನು ನೋಡಿಕೊಳ್ಳಬಹುದು. ಮಗ್ರಿಬ್ ವೇಳೆ ಅತ್ತೆ ಹತ್ತು ನಿಮಿಷ ಮೊಮ್ಮಗನ ಜೊತೆ ಕೂತರೆ ಸೊಸೆ ಗಡಿಬಿಡಿಯಿಲ್ಲದೆ ನಮಾಝ್ ಮಾಡಿಯಾಳು. ಮಗುವೊಂದು ಅಳುವುದು ಕೇಳಿದರೆ ಅದರ ತಾಯಿಗೆ ಸಂಕಟವಾಗಬಾರದೆಂದು ಪ್ರವಾದಿವರ್ಯರು(ಸ) ನಮಾಝನ್ನೇ ಚಿಕ್ಕದಾಗಿಸುತ್ತಿದ್ದರು.

ಮುಂದಿನ ಮದುವೆಯಲ್ಲಿ ಆಕೆ ಎದ್ದು ಹೊರಟರೆ ನೀವೂ ಏಳಿ. ಮಗುವಿಗೆ ನಿಮ್ಮ ಪರಿಚಯವಿದ್ದರೆ ಅಂಗಳದಲ್ಲಿ ಸ್ವಲ್ಪ ಹೊತ್ತು ಜೊತೆಗಿರಿ. ಇಲ್ಲವಾದರೆ ಒಂದು ತಟ್ಟೆ ಬಿರಿಯಾನಿಯನ್ನು ಆಕೆ ಕುಳಿತಲ್ಲಿಗೇ ಒಯ್ದು ಕೊಡಿ.