ಬಿಡಿ ಸಂಗತಿ, ಇಡಿ ತಿಳಿವಳಿಕೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆ ಸರ್ಕಾರಿ ನೌಕರಿಗೆ ಓದುವ ಯುವಕ ಯುವತಿಯರ ಕೈಯಲ್ಲಿ ಸಾಮಾನ್ಯ ಜ್ಞಾನದ ದಪ್ಪ ಕೈಪಿಡಿಯೊಂದು ಇದ್ದೇ ಇರುತ್ತದೆ. ಸಂವಿಧಾನದ ವಿಧಿಗಳ ಬೆನ್ನಿಗೇ ಹಾಳುಬಿದ್ದ ಪಟ್ಟಣಗಳು, ಅವುಗಳ ಬೆನ್ನಿಗೆ ಸಮಾನಾರ್ಥಕ ಪದಗಳು, ಆಮೇಲೆ ಪುರಾಣದ ನದಿಗಳು. ಎಲ್ಲಕ್ಕೂ ಉತ್ತರ ಒಂದೇ ಮಾತಿನಲ್ಲಿ. ಹೀಗೆ ಬಾಯಿಪಾಠ ಮಾಡಿದ್ದನ್ನು ಜ್ಞಾನವೆನ್ನಬಹುದೇ? ಕಂಠಪಾಠವನ್ನು ಹಳಿಯುವುದು ಈಗ ವಾಡಿಕೆಯಾಗಿದೆ. ಅದನ್ನು ನಾನು ಒಪ್ಪುವುದಿಲ್ಲ. ನೆನಪಿಲ್ಲದೆ ವಿಚಾರ ಹುಟ್ಟದು. ಆದರೆ ನೆನಪಿಟ್ಟ ಒಂದು ಸಂಗತಿ ಇನ್ನೊಂದರ ಜೊತೆ ಕೂಡಿಕೊಂಡು ನಮ್ಮ ಬದುಕನ್ನು ಮುಟ್ಟಿದಾಗಲೇ ಅದು ಜ್ಞಾನವಾಗುತ್ತದೆ.

‘ಮಿತಾಕ್ಷರ’ ಬರೆದವರು ಯಾರು? ವಿಜ್ಞಾನೇಶ್ವರ. ಅಲ್ಲಿಗೆ ಪುಟ ತಿರುವಿಹಾಕುತ್ತೇವೆ. ಈತ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು. ಅವನ ಊರೆಂದು ಹೇಳುವ ಮರತೂರು ಇದೇ ಕಲಬುರಗಿ ಜಿಲ್ಲೆಯಲ್ಲಿದೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಈ ವ್ಯಾಖ್ಯಾನವೇ ಬಂಗಾಳದ ಸೀಮೆ ಬಿಟ್ಟರೆ ಭಾರತದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಆಧಾರವಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ತಿರುಳು. ಕರ್ನಾಟಕ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟಿತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ದೇಶದ ಎಲ್ಲ ಹೆಣ್ಣುಮಕ್ಕಳಿಗೂ ಅದನ್ನು ವಿಸ್ತರಿಸಿತು. ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟು ತಿಳಿದ ಆಳಂದದ ಹುಡುಗಿಗೆ ಆ ಒಂದು ಅಂಕದ ಪ್ರಶ್ನೆ ಅಪ್ಪನ ತೊಗರಿ ಹೊಲದವರೆಗೂ ಬರುತ್ತದೆ. ಅಣ್ಣಂದಿರು ಹಕ್ಕು ಬಿಡುಗಡೆ ಪತ್ರ ಮುಂದಿಟ್ಟು ‘ಸಹಿ ಮಾಡವ್ವಾ’ ಎಂದ ದಿನ, ತಾನು ಏನನ್ನು ಬಿಟ್ಟುಕೊಡುತ್ತಿದ್ದೇನೆಂದು ಅವಳಿಗೆ ಗೊತ್ತಿರುತ್ತದೆ.

ಹಾಳು ಊರುಗಳ ವಿಷಯವೂ ಹೀಗೆಯೇ. ಭೀಮೆ ಅಫಜಲಪುರ, ಜೇವರ್ಗಿ ಸೀಮೆ ದಾಟಿ ಮುಂದೆ ಹರಿದರೆ ಚಿತ್ತಾಪುರ ತಾಲೂಕಿನ ಸನ್ನತಿ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯ ಪೀಠಕ್ಕೆ ಹಾಕಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಮೂರ್ತಿ ಕೂರಿಸಲು ನಟ್ಟನಡುವೆ ಕಲ್ಲು ಕೊರೆದಿದ್ದರಿಂದ ಕೆಲವು ಸಾಲುಗಳು ಹಾಳಾಗಿದ್ದವು. ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ‘ರಾಯ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಬರೆದ ಶಿಲ್ಪವೂ ದೊರೆಯಿತು. ಸನ್ನತಿ ಯಾವ ಜಿಲ್ಲೆಯಲ್ಲಿದೆ ಎಂದು ಕೇಳಿ ಬಿಡುವುದು ಸುಲಭ. ಅದುವರೆಗೆ ಕಳಿಂಗದ ಧೌಳಿ, ಜೌಗಡಗಳಲ್ಲಷ್ಟೇ ಸಿಕ್ಕಿದ್ದ ಅಶೋಕನ ‘ಪ್ರತ್ಯೇಕ ಶಾಸನಗಳು’ ಭೀಮೆಯ ದಂಡೆಗೆ ಏಕೆ ಬಂದವು ಎಂದು ಕೇಳಿದರೆ ಇತಿಹಾಸದ ಪಾಠ ಶುರುವಾಗುತ್ತದೆ.

ಪುರಾಣವನ್ನೂ ಹೀಗೆ ಓದಬಹುದು. ಗಾಣಗಾಪುರದಲ್ಲಿ ಭೀಮೆಯನ್ನು ಕೂಡುವ ನದಿ ಅಮರ್ಜಾ. ಇಂದ್ರ ಒಯ್ಯುತ್ತಿದ್ದ ಅಮೃತ ನೆಲಕ್ಕೆ ಬಿದ್ದು ಈ ನದಿಯಾಯಿತೆಂದು ಗುರುಚರಿತ್ರೆಯ ಕಥೆ. ಆ ನದಿಗೆ ಆಳಂದ ತಾಲೂಕಿನ ಕೊರಳ್ಳಿಯಲ್ಲಿ ಅಣೆಕಟ್ಟೆಯಿದೆ. ಮಳೆ ಕೈಕೊಡುವ ನಾಡಿನ ಜನ ತಮ್ಮ ಹೊಳೆಯನ್ನು ಅಮೃತವೆಂದು ಕರೆದಿದ್ದಾರೆ. ಕಥೆಯನ್ನೂ ಕೊರಳ್ಳಿಯ ನೀರಿನ ಮಟ್ಟವನ್ನೂ ಒಟ್ಟಿಗೆ ಬಲ್ಲವನಿಗೆ ಆ ಹೊಳೆಗೆ ಕಸ ಎಸೆಯಲು ಕೈ ಏಳದು.

ಎಲ್ಲವೂ ಮೊಬೈಲಿನಲ್ಲಿರುವಾಗ ನೆನಪೇಕೆ ಎಂದು ಕೇಳುವವರಿದ್ದಾರೆ. ಮೊಬೈಲು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ನಿಜ. ಆದರೆ ಏನು ಕೇಳಬೇಕೆಂದು ಹೊಳೆಯಲು ತಲೆಯಲ್ಲಿ ಮೊದಲೇ ಒಂದಿಷ್ಟು ಇರಬೇಕು. ಮಿತಾಕ್ಷರದ ಹೆಸರನ್ನೇ ಕೇಳದವಳು ತನ್ನ ಪಾಲಿನ ಹಕ್ಕು ಎಲ್ಲಿಂದ ಬಂತೆಂದು ಹುಡುಕುವುದಾದರೂ ಹೇಗೆ?

ಇನ್ನೊಂದು ವಾದಕ್ಕೆ ಹೆಚ್ಚು ತೂಕವಿದೆ. ನಾಲ್ಕು ಆಯ್ಕೆಯ ಪರೀಕ್ಷೆಯಲ್ಲಿ ಜಾತಿ, ಶಿಫಾರಸು, ಮಾತಿನ ಧಾಟಿ ನಡೆಯುವುದಿಲ್ಲ. ಜೇವರ್ಗಿಯ ಕೂಲಿಕಾರರ ಮಗನಿಗೂ ಬೆಂಗಳೂರಿನ ಅಧಿಕಾರಿಯ ಮಗಳಿಗೂ ಒಂದೇ ಅಳತೆ. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಕನ್ನಡ ಶಾಲೆಗಳ ಕೊರತೆಯಿಂದ ಹಿಂದುಳಿದ ಈ ಭಾಗಕ್ಕೆ ಆ ನ್ಯಾಯ ಬೇಕೇ ಬೇಕು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಇಲ್ಲಿನವರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಕೊಟ್ಟಿದೆ. ಆದ್ದರಿಂದ ಪರೀಕ್ಷೆ ಇರಲಿ, ಕೈಪಿಡಿಯೂ ಇರಲಿ. ಆದರೆ 371(ಜೆ) ಯಾವ ತಿದ್ದುಪಡಿಯಿಂದ ಬಂತೆಂದು ಬಲ್ಲ ಅಭ್ಯರ್ಥಿ, ಅದು ಏಕೆ ಬೇಕಾಯಿತೆಂದು ಅರಿಯದೆ ಕುರ್ಚಿಯಲ್ಲಿ ಕೂತರೆ, ಕಚೇರಿಗೆ ಬಂದ ಹಳ್ಳಿಯವನ ಕಷ್ಟ ಅವನಿಗೆ ಕಾಣುವುದಿಲ್ಲ.

ನೆನಪು, ಅರ್ಥ ಎರಡನ್ನೂ ಒಟ್ಟಿಗೆ ಕಾಪಾಡಿದ ಪರಂಪರೆ ಇದೇ ನೆಲದಲ್ಲಿದೆ. ಮೊದಲು ಜೇವರ್ಗಿ ತಾಲೂಕಿನಲ್ಲಿದ್ದು ಈಗ ಯಡ್ರಾಮಿಗೆ ಸೇರಿದ ಕಡಕೋಳದ ಮಡಿವಾಳಪ್ಪನವರ, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರ ತತ್ವಪದಗಳನ್ನು ಭಜನಾ ಮೇಳದವರು ಬಾಯಿಯಿಂದ ಬಾಯಿಗೆ ಉಳಿಸಿಕೊಂಡು ಬಂದರು. ಓದು ಬರಹ ಬಾರದವರೂ ಏಕತಾರಿ ಹಿಡಿದು ಇರುಳೆಲ್ಲ ಹಾಡಿದರು, ಪದದ ಒಳಗುಟ್ಟು ಏನೆಂದು ಕೂತು ಚರ್ಚಿಸಿದರು. ಅವರಿಗೆ ಅಂಕ ಕೊಡುವವರು ಯಾರೂ ಇರಲಿಲ್ಲ. ಆದರೂ ಆ ಪದಗಳು ಉಳಿದವು, ಏಕೆಂದರೆ ಹಾಡಿದವರಿಗೆ ಅವು ಬೇಕಾಗಿದ್ದವು.

ಶಾಲೆಯ, ತರಬೇತಿ ಕೇಂದ್ರಗಳ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ: ಒಂದು ಮಾತಿನ ಉತ್ತರ ಹೇಳಿಸಿದ ಮೇಲೆ ‘ಏಕೆ?’ ಎಂದೂ ‘ಇದರಿಂದ ನಮಗೇನು?’ ಎಂದೂ ಕೇಳಿ. ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಸನ್ನತಿಗೆ ಕರೆದೊಯ್ಯಿರಿ. ಮನೆಯ ಪಹಣಿಯನ್ನು ತರಗತಿಗೆ ತರಿಸಿ ಓದಿಸಿ. ಸಾಮಾನ್ಯ ಜ್ಞಾನ ತನ್ನ ಊರಿನಿಂದ ಶುರುವಾಗಬೇಕು. ಅಲ್ಲಿ ಗಟ್ಟಿಯಾದ ಬುದ್ಧಿಗೆ ಮಿಕ್ಕ ಲೋಕವನ್ನು ಕಲಿಯುವುದು ಕಷ್ಟವಲ್ಲ.