ಜಪಾನಿ ಕಲಿಯಲು ಇಂಗ್ಲಿಷಿನ ಸುತ್ತುದಾರಿ ಯಾಕೆ?

ಪಾರಿಜಾತದ ಕಲಾವಿದೆ ಕೌಜಲಗಿ ನಿಂಗಮ್ಮನಿಂದ ಹೆಸರಾದ ಊರು ಬೆಳಗಾವಿ ಜಿಲ್ಲೆಯ ಕೌಜಲಗಿ. ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟದ ಹಾಡು-ಮಾತುಗಳು ಈ ಸೀಮೆಯಲ್ಲಿ ಪುಸ್ತಕ ಹಿಡಿದು ಬಂದವಲ್ಲ. ರಾತ್ರಿಯಿಡೀ ಆಟ ನೋಡಿ, ಮೇಳದವರ ಹಿಂದೆ ನಿಂತು ದನಿಗೂಡಿಸಿ, ಕಿವಿಯಿಂದ ಬಾಯಿಗೆ ಇಳಿದವು. ಹುಕ್ಕೇರಿ ಕಡೆಯ ವ್ಯಾಪಾರಿಗೆ ಮರಾಠಿ ಬಂದದ್ದು ಸಂತೆಯಲ್ಲಿ. ಹಳ್ಳಿಯ ಮಕ್ಕಳಿಗೆ ಅರ್ಧಂಬರ್ಧ ಹಿಂದಿ ಬಂದದ್ದು ಟಿವಿಯ ಡೋರೆಮಾನ್, ಶಿನ್‌ಚಾನ್‌ನಿಂದ. ಆ ಎರಡೂ ಕಾರ್ಟೂನುಗಳು ಜಪಾನಿನವು ಎಂಬುದು ತಮಾಷೆಯ ಮಾತು.

ಈಗ ಜಪಾನಿಯ ಸರದಿ. 2025ರ ಆಗಸ್ಟ್‌ನಲ್ಲಿ ಭಾರತ ಮತ್ತು ಜಪಾನ್ ಒಪ್ಪಿಕೊಂಡ ಯೋಜನೆಯಂತೆ 5 ವರ್ಷಗಳಲ್ಲಿ ಭಾರತದ 50,000 ಕುಶಲ ಕೆಲಸಗಾರರು ಮತ್ತು ಪ್ರತಿಭಾವಂತರು ಅಲ್ಲಿಗೆ ಹೋಗಬೇಕು. ವೃದ್ಧರ ಆರೈಕೆ, ಕೃಷಿ, ಕಟ್ಟಡ ಕೆಲಸದಂಥ ಕ್ಷೇತ್ರಗಳಿಗೆ 2021ರ ಜನವರಿಯಲ್ಲೇ ಬೇರೆ ಒಪ್ಪಂದ ಆಗಿತ್ತು. ಆ ಒಪ್ಪಂದದಡಿ ಹೋಗುವವರ ವೀಸಾಕ್ಕೆ ಸಾಮಾನ್ಯವಾಗಿ ಜಪಾನಿ ಸಾಮರ್ಥ್ಯ ಪರೀಕ್ಷೆಯ ಎನ್4 ಮಟ್ಟ ಅಥವಾ ಜೆಎಫ್‌ಟಿ-ಬೇಸಿಕ್ ಎಂಬ ಇನ್ನೊಂದು ಪರೀಕ್ಷೆ ಪಾಸಾಗಿರಬೇಕು. ಗೋಕಾಕ, ಮೂಡಲಗಿಯ ನರ್ಸಿಂಗ್, ಐಟಿಐ ಹುಡುಗ-ಹುಡುಗಿಯರಿಗೆ ಇದು ದೂರದ ಸುದ್ದಿಯಲ್ಲ. ಆದರೆ ಕ್ಲಾಸ್ ಎಂದರೆ ಪುಣೆ ಇಲ್ಲವೆ ಬೆಂಗಳೂರು ಎಂಬ ಲೆಕ್ಕ, ಅಲ್ಲಿ ರೂಮು, ಊಟ, ಫೀ.

ಊರಲ್ಲೇ ಇದ್ದು ಕಲಿಯುವ ದಾರಿ ಇದೆ. ಮುಂಬದಿಯಲ್ಲಿ ಪದ, ಹಿಂಬದಿಯಲ್ಲಿ ಅರ್ಥ ಇರುವ ಫ್ಲ್ಯಾಶ್‌ಕಾರ್ಡುಗಳನ್ನು ಫೋನಿನಲ್ಲಿ ದಿನಾ ತಿರುವಿಹಾಕುವುದು, ದಿನಾ ಜಪಾನಿ ಕೇಳುವುದು. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಎಬಿಂಗ್‌ಹೌಸ್ 1885ರಲ್ಲೇ ಅಳೆದು ಬರೆದಿದ್ದ. ಮರೆಯುವ ಹೊತ್ತಿಗೆ ಸರಿಯಾಗಿ ಕಾರ್ಡನ್ನು ಮತ್ತೆ ಎದುರಿಗೆ ತರುವ ಆಂಕಿ ಎಂಬ ತಂತ್ರಾಂಶವನ್ನು ಡೇಮಿಯನ್ ಎಲ್ಮ್ಸ್ 2006ರಲ್ಲಿ ಮಾಡಿದ್ದು ತಾನು ಜಪಾನಿ ಕಲಿಯುವುದಕ್ಕಾಗಿಯೇ. ನೆನಪಿದ್ದ ಕಾರ್ಡು ನಾಳೆ, ಮೂರ್ನಾಲ್ಕು ದಿನ ಬಿಟ್ಟು, ವಾರ, ತಿಂಗಳು ಎಂದು ದೂರ ಸರಿಯುತ್ತದೆ. ಮರೆತದ್ದು ಮರಳಿ ಹತ್ತಿರ ಬರುತ್ತದೆ. ಆಂಕಿ ಆಂಡ್ರಾಯ್ಡ್‌ನಲ್ಲಿ ಪೂರಾ ಪುಕ್ಕಟೆ. ಒಂದು ವಾರ ಬಿಟ್ಟರೆ ಮಾತ್ರ ಬಾಕಿ ಕಾರ್ಡುಗಳು ಸೊಸೈಟಿ ಸಾಲದ ಬಡ್ಡಿಯಂತೆ ಬೆಳೆದಿರುತ್ತವೆ. ಬಹಳ ಜನ ಕೈಬಿಡುವುದು ಅಲ್ಲೇ.

ಬರೀ ಕಾರ್ಡಿನಿಂದಲೂ ಆಗದು. ಸಾಮರ್ಥ್ಯ ಪರೀಕ್ಷೆಯಲ್ಲಿ ಮಾತಾಡಿಸುವುದಿಲ್ಲ, ಬರೆಸುವುದೂ ಇಲ್ಲ, ಎಲ್ಲ ಉತ್ತರ ಆರಿಸುವ ಪ್ರಶ್ನೆಗಳೇ. ಸರ್ಟಿಫಿಕೇಟ್ ಕೈಯಲ್ಲಿದ್ದೂ ಅಜ್ಜಿಯೊಬ್ಬಳು ನೀರು ಕೇಳಿದರೆ ತಿಳಿಯದ ಆರೈಕೆಗಾರ ತಯಾರಾಗಬಹುದು. ಬರೀ ಜಪಾನಿ ಕಾರ್ಟೂನು ನೋಡಿ ಕಲಿತವನದು ಇನ್ನೊಂದು ಫಜೀತಿ: ಅಲ್ಲಿನ ಹೀರೋಗಳು ಎದುರಿನವನನ್ನು ‘ಒಮಾಎ’ ಎನ್ನುತ್ತಾರೆ. ಅದನ್ನು ಮೇಲ್ವಿಚಾರಕನ ಮೇಲೆ ಪ್ರಯೋಗಿಸಿದರೆ ನಮ್ಮ ಸಾಹೇಬರನ್ನು ‘ಲೇ’ ಅಂದಹಾಗೆ. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ವರ್ಲ್ಡ್‌ನ ಉಚಿತ ಪಾಠಗಳಂಥ ಸಭ್ಯ ಸಂಭಾಷಣೆ ಕಿವಿಗೆ ಬೀಳುತ್ತಿರಬೇಕು.

ಅಸಲಿ ತೊಡಕು ಬೇರೆ. ಆ ಪಾಠಗಳು ಹಿಂದಿ, ಬಂಗಾಳಿ, ಉರ್ದುವಿನಲ್ಲಿವೆ, ಕನ್ನಡದಲ್ಲಿಲ್ಲ. ಜನ ಹೆಚ್ಚಾಗಿ ಇಳಿಸಿಕೊಳ್ಳುವ ಕಾರ್ಡುಗಳ ಹಿಂಬದಿಯಲ್ಲಿರುವುದು ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಜಪಾನಿಗಾಗಿ ಮೊದಲು ಇಂಗ್ಲಿಷಿನ ಜೊತೆ ಗುದ್ದಾಡಬೇಕು. ಅದೂ ಎಂಥ ಎರಡು ಭಾಷೆಗಳ ನಡುವೆ! ‘ವತಾಶಿ ವಾ ಮಿಜು ಓ ನೊಮಿಮಾಸು’: ನಾನು, ನೀರನ್ನು, ಕುಡಿಯುತ್ತೇನೆ. ಪದಗಳ ಸಾಲು ನಮ್ಮದೇ, ಪ್ರತ್ಯಯ ನಾಮಪದದ ನಂತರ, ಕ್ರಿಯಾಪದ ಕೊನೆಗೆ. ‘ತಬೆತೆ ಮಿರು’ ಎಂದರೆ ತಿಂದು ನೋಡು, ‘ತಬೆತೆ ಶಿಮತ್ತಾ’ ಎಂದರೆ ತಿಂದುಬಿಟ್ಟ. ‘ಬರ್ತೀನಿ ಅಂತ ಅಂದ’ ಎನ್ನುವಲ್ಲಿ ಆ ‘ಅಂತ’ಕ್ಕೆ ಅವರದು ‘ತೋ’, ಕೂರುವ ಜಾಗವೂ ಅದೇ. ಇಂಗ್ಲಿಷ್ ಕಾರ್ಡು ಇದನ್ನೆಲ್ಲ ಕಳಚಿ, ತಲೆಕೆಳಗು ಮಾಡಿ, ಪುಟಗಟ್ಟಲೆ ವ್ಯಾಕರಣ ಹೇಳುತ್ತದೆ. ಅವರ ಅಕ್ಷರಮಾಲೆಯೂ ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ ಎಂದೇ ಸಾಗುತ್ತದೆ. ಬೌದ್ಧ ಧರ್ಮದೊಂದಿಗೆ ಅಲ್ಲಿಗೆ ಹೋದ ಭಾರತದ ಸಿದ್ಧಂ ಲಿಪಿಯ ಪ್ರಭಾವ ಅದು. ಕಷ್ಟವಿರುವುದು ಚೀನೀ ಮೂಲದ ಕಾಂಜಿಗಳಲ್ಲಿ. ನಿತ್ಯಬಳಕೆಯ ಅಧಿಕೃತ ಪಟ್ಟಿಯಲ್ಲೇ 2,136 ಇವೆ. ಕಾರ್ಡು ನಿಜವಾಗಿ ದುಡಿಯುವುದು ಅಲ್ಲಿ.

ಸರ್ಕಾರ ಕೌಶಲ ತರಬೇತಿ ಎಂದಾಗಲೆಲ್ಲ ಕಟ್ಟಡ, ಉದ್ಘಾಟನೆ, ಬ್ಯಾನರ್ ನೆನಪಿಸಿಕೊಳ್ಳುತ್ತದೆ. ಇಲ್ಲಿ ಬೇಕಿರುವುದು ಅದಲ್ಲ, ಎರಡೂ ಭಾಷೆ ಬಲ್ಲ ಜನ. ಜಪಾನಿನ ಪಾಲಿರುವ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಂಪನಿ ಶುರುವಾದದ್ದು 1997ರಲ್ಲಿ. ಅಂಥ ಕಡೆ ದುಡಿದು ಜಪಾನಿ ಕಲಿತ ಕನ್ನಡಿಗರು ರಾಜ್ಯದಲ್ಲಿದ್ದಾರೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರವಾಗಲಿ ಅಂಥ ನಾಲ್ಕೈದು ಜನರನ್ನು ಕೂಡಿಸಿ, ಎನ್4ಕ್ಕೆ ಬೇಕಾದ ಪದ, ವಾಕ್ಯಗಳಿಗೆ ಕನ್ನಡ ಅರ್ಥ, ಜಪಾನಿಯರ ದನಿ ಸೇರಿಸಿ ಒಂದು ಕಾರ್ಡುಗಟ್ಟು ಮಾಡಿಸಲಿ. ಗ್ರಾಮ ಪಂಚಾಯತಿಗಳ ಅರಿವು ಕೇಂದ್ರಗಳಲ್ಲಿ ಅದು ಸಿಗುವಂತಾಗಲಿ. ಪರೀಕ್ಷೆ ಜುಲೈ ಮತ್ತು ಡಿಸೆಂಬರ್‌ನಲ್ಲಿ, ಪುಣೆಯಲ್ಲೂ ಕೇಂದ್ರವಿದೆ. ಕೌಜಲಗಿಯಿಂದ ಅದು ಬೆಂಗಳೂರಿಗಿಂತ ಹತ್ತಿರ.